ನೂರಿಪ್ಪತ್ತು ಪದಗಳ ಸಾಹೇಬರು

ಲಿಫ್ಟ್ ತಯಾರಿಸುವ ಕಂಪನಿಯೊಂದರ ಮೂರನೆಯ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ ಕೂತು ಅವಳು ಹತ್ತೊಂಬತ್ತು ವರ್ಷ ದೊಡ್ಡವರ ಪರಿಚಯ ಬರೆದಿದ್ದಳು. ನಿರ್ದೇಶಕರು ಎಲ್ಲಾದರೂ ಭಾಷಣಕ್ಕೆ ಹೊರಟರೆ ನೂರಿಪ್ಪತ್ತು ಪದ, ಕಂಪನಿಯ ಪುಸ್ತಿಕೆಗೆ ಅರವತ್ತು, ವೇದಿಕೆಯ ಮೇಲೆ ಓದಲು ನಾಲ್ಕು ಸಾಲು. ಹೊಗಳಿಕೆಯ ಪದ ಕಂಡರೆ ಕತ್ತರಿಸುವುದು ಅವಳ ಚಾಳಿ. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಹೊಸ ಆಡಳಿತ ನಿರ್ದೇಶಕರು ಬಂದ ಮೇಲೆ ಆ ಹೆಮ್ಮೆಗೆ ಕುತ್ತು ಬಂತು. ಕಟ್ಟಡ ಎಂಜಿನಿಯರುಗಳ ಸಮ್ಮೇಳನದಲ್ಲಿ ಅವರ ಭಾಷಣವಿತ್ತು. ಪರಿಚಯಕ್ಕೆ ಬೇಕಾದ ಮಾಹಿತಿ ಕೇಳಿದರೆ ನಾಲ್ಕು ಪುಟ ಬಂತು. ದೂರದೃಷ್ಟಿಯ ನಾಯಕ, ಬದಲಾವಣೆಯ ಹರಿಕಾರ, ಸಮರ್ಥ ಸಂಘಟಕ. ಎರಡು ಸಲ ಓದಿದರೂ ಈ ಮನುಷ್ಯ ಏನು ಮಾಡಿದ್ದಾನೆ ಎಂಬುದು ಮಾತ್ರ ತಿಳಿಯಲಿಲ್ಲ. ಅವಳು ನೂರಿಪ್ಪತ್ತು ಪದಕ್ಕೆ ಇಳಿಸಿ ಕಳಿಸಿದಳು. ಕೆಂಪು ಶಾಯಿ ಮೆತ್ತಿಕೊಂಡು ವಾಪಸು ಬಂತು.

ಹೀಗೆ ಎಂಟು ಸಲ. ಪ್ರತಿ ಸಲವೂ ಹೊತ್ತು ತರುತ್ತಿದ್ದವಳು ಸಾಹೇಬರ ಕಾರ್ಯದರ್ಶಿ.

“ಮೇಡಂ, ಸಾಹೇಬ್ರಿಗೆ ‘ಹರಿಕಾರ’ ಬೇಕೇ ಬೇಕಂತೆ.”

“ಯಾವುದರ ಹರಿಕಾರ ಅಂತ ಕೇಳಿದ್ಯಾ?”

“ಅದು ನಿಮಗೇ ಗೊತ್ತಿರುತ್ತೆ ಅಂದ್ರು.”

ಒಂದರ್ಧ ಗಂಟೆ ಎದುರಿಗೆ ಕೂತು ಮಾತಾಡಲು ಬಿಡಿ ಎಂದು ಅವಳು ಮೂರು ಸಲ ಕೇಳಿದಳು. ಸಮಯವಿಲ್ಲ ಎಂಬ ಉತ್ತರ ಬಂತು. ಕೆಂಪು ಶಾಯಿಗೆ ಮಾತ್ರ ಸಮಯವಿತ್ತು. ಮನೆಯಲ್ಲಿ ಅಕ್ಕನ ಮುಂದೆ ಸಿಡಿಮಿಡಿಗೊಂಡಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್.

“ಅವರು ಹೇಳಿದ್ದನ್ನೇ ಬರೆದು ಬಿಸಾಕೇ,” ಎಂದಳು ಅಕ್ಕ. “ನಿನ್ನ ಗಂಟೇನು ಹೋಗುತ್ತೆ?”

“ಹತ್ತೊಂಬತ್ತು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲ ಅಕ್ಕ!”

ಮರುದಿನ ಕ್ಯಾಂಟೀನಿನಲ್ಲಿ ಅವಳ ಎದುರಿಗೆ ಬಂದು ಕೂತವನು ಪರೀಕ್ಷಾ ಗೋಪುರದ ಫೋರ್‌ಮನ್. ಹೊಸ ಲಿಫ್ಟ್‌ಗಳನ್ನು ಹತ್ತಿಸಿ ಇಳಿಸಿ ನೋಡುವ ಆ ಗೋಪುರದಲ್ಲೇ ಅವನ ತಲೆ ನೆರೆತಿತ್ತು. ಅವಳ ಗೋಳು ಕೇಳಿ ನಕ್ಕ.

“ಆಸ್ಪತ್ರೆ ಲಿಫ್ಟ್ ನಿಲ್ಲಿಸಿದ್ದು ಬರೆದ್ರಾ ಅಮ್ಮಾ?”

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಸಾಹೇಬರು ಆಗ ಇದೇ ಕಂಪನಿಯಲ್ಲಿ ಕಿರಿಯ ಎಂಜಿನಿಯರು. ಆಸ್ಪತ್ರೆಯೊಂದರ ಲಿಫ್ಟಿನ ಬ್ರೇಕಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅಲ್ಲಿ ಅದೇ ಮಾದರಿಯ ಬ್ರೇಕು ಇದ್ದ ಹನ್ನೊಂದು ಲಿಫ್ಟ್‌ಗಳನ್ನೂ ಅವರು ಒಂದೇ ಮಧ್ಯಾಹ್ನ ನಿಲ್ಲಿಸಿಬಿಟ್ಟರು. ಮೇಲಧಿಕಾರಿ ಬೇಡವೆಂದು ಕೂಗಾಡಿದರೂ ಬಗ್ಗಲಿಲ್ಲ. ಕೊನೆಯ ಮಹಡಿಯ ರೋಗಿಗಳನ್ನು ಸ್ಟ್ರೆಚರಿನಲ್ಲಿ ಮೆಟ್ಟಿಲಿಳಿಸಲು ತಾವೂ ಹೆಗಲು ಕೊಟ್ಟರು. ಶಿಕ್ಷೆಯಾಗಿ ಎರಡು ವರ್ಷ ಗೋದಾಮಿಗೆ ವರ್ಗವಾಯಿತು. ಆಮೇಲೆ ಪರೀಕ್ಷಿಸಿದಾಗ ಹನ್ನೊಂದರಲ್ಲಿ ನಾಲ್ಕು ಬ್ರೇಕು ಬಿರುಕು ಬಿಟ್ಟಿದ್ದವು. ಕಂಪನಿ ವಿನ್ಯಾಸವನ್ನೇ ಬದಲಿಸಿತು.

ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಆ ಕಥೆ ಸೇರಿಸಿ ಬರೆದದ್ದನ್ನು ಈ ಸಲ ತಾನೇ ಒಯ್ದು ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಓದಿದರು.

“ಯಾರು ಹೇಳಿದ್ರು ಇದನ್ನ?”

“ಸುಳ್ಳಾ ಸಾರ್?”

“ಸುಳ್ಳಲ್ಲ. ಆದ್ರೆ ಓದೋರ ಕಣ್ಣಿಗೆ ಬೀಳೋದು ಗೋದಾಮು. ಆ ಎರಡು ವರ್ಷ ನಮ್ಮಪ್ಪ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ ಕಣ್ರೀ.”

ಪೆನ್ನು ತೆಗೆದು ಅಷ್ಟನ್ನೂ ಹೊಡೆದುಹಾಕಿದರು. ಆ ಜಾಗದಲ್ಲಿ ‘ಸುರಕ್ಷತೆಯ ಬಗ್ಗೆ ಅಪಾರ ಬದ್ಧತೆಯುಳ್ಳವರು’ ಎಂದು ಬರೆದರು. ಅವಳಿಗೆ ಮೈಯೆಲ್ಲ ಉರಿಯಿತು. ಕಾಗದ ಮಡಚಿಕೊಂಡು ಹೊರಬಂದಳು.

ಸಮ್ಮೇಳನದಲ್ಲಿ ನಿರೂಪಕಿ ಆ ಪರಿಚಯ ಓದತೊಡಗಿದಳು. ಮೂರನೆಯ ಸಾಲಿಗೆ ಉಸಿರು ಸಿಕ್ಕಿಕೊಂಡಿತು. “ಇತ್ಯಾದಿ, ಇತ್ಯಾದಿ… ಇವರು ಎಲ್ಲರಿಗೂ ಗೊತ್ತಿರುವವರೇ,” ಎಂದು ಕಾಗದ ಕೆಳಗಿಟ್ಟಳು. ಕೊನೆಯ ಸಾಲಿನಲ್ಲಿ ಕೂತಿದ್ದ ಕತ್ತರಿಯಮ್ಮ ಹಲ್ಲು ಕಚ್ಚಿದಳು. ಭಾಷಣವೂ ಆ ಪರಿಚಯದಂತೆಯೇ ಇತ್ತು. ಜನ ಮೊಬೈಲು ನೋಡುತ್ತಿದ್ದರು.

ಪ್ರಶ್ನೆಗಳ ಹೊತ್ತಿಗೆ ಒಬ್ಬ ಎಂಜಿನಿಯರ್ ಹುಡುಗಿ ಎದ್ದು ನಿಂತಳು. “ಸಾರ್, ಮೇಲಿನವರು ಬೇಡ ಅಂದ್ರೂ ನೀವು ಯಾವತ್ತಾದ್ರೂ ಲಿಫ್ಟ್ ನಿಲ್ಲಿಸಿದ್ದೀರಾ?”

ಸಾಹೇಬರು ನೀರು ಕುಡಿದರು. ಆಮೇಲೆ ಬಿರುಕು, ಬೈಗುಳ, ಗೋದಾಮು ಎಲ್ಲವನ್ನೂ ತಡವರಿಸುತ್ತಲೇ ಹೇಳಿದರು. ಸಭಾಂಗಣ ಉಸಿರು ಬಿಗಿಹಿಡಿದು ಕೇಳಿತು. ಚಪ್ಪಾಳೆ ಬಹಳ ಹೊತ್ತು ಮೊಳಗಿತು. ಕತ್ತರಿಯಮ್ಮನ ಕಣ್ಣೂ ತೇವಗೊಂಡಿತು.

ಇನ್ನು ಪರಿಚಯ ಸರಿಹೋಗುತ್ತದೆ ಎಂದುಕೊಂಡು ಮರುದಿನ ಬೇಗನೆ ಕಚೇರಿಗೆ ಬಂದಳು. ಕಾರ್ಯದರ್ಶಿ ಬಾಗಿಲಲ್ಲೇ ಕಾದಿದ್ದಳು.

“ಮೇಡಂ, ಸಾಹೇಬ್ರು ಒಂದು ಪದ ಸೇರಿಸೋಕೆ ಹೇಳಿದ್ದಾರೆ. ‘ಮನಸೂರೆಗೊಳ್ಳುವ ವಾಗ್ಮಿ’.”

ಅವಳು ನೇರವಾಗಿ ಒಳಗೆ ಹೋದಳು. ಚಪ್ಪಾಳೆ ಬಿದ್ದದ್ದು ಹನ್ನೊಂದು ಲಿಫ್ಟಿಗೆ, ಮಾತಿಗಲ್ಲ ಎಂದು ಹೇಳಿಯೇಬಿಟ್ಟಳು. ಒಂದು ಗಂಟೆ ವಾದ ನಡೆಯಿತು. ಕೊನೆಗೆ ಲಿಫ್ಟ್ ನಿಲ್ಲಿಸಿದ ವಾಕ್ಯ ಮೊದಲಿಗೆ ಬಂತು. ಮೇಲಧಿಕಾರಿ ಹೋದ, ಗೋದಾಮು ಹೋಯಿತು. ವಾಗ್ಮಿ ಉಳಿಯಿತು.

ಕಂಪನಿಯ ಜಾಲತಾಣದಲ್ಲಿ ಅದನ್ನು ಓದಿದ ಫೋರ್‌ಮನ್ ಕ್ಯಾಂಟೀನಿನಲ್ಲಿ ಕೇಳಿದ: “ಬೈಸಿಕೊಂಡಿದ್ದು ಎಲ್ಲಮ್ಮಾ?”

“ಜಾಗ ಸಾಲ್ಲಿಲ್ಲ.”

“ವಾಗ್ಮಿಗೆ ಜಾಗ ಸಿಕ್ತಲ್ಲ!”

ಅವಳು ತಟ್ಟೆ ಎತ್ತಿಕೊಂಡು ತೊಳೆಯುವ ಕಡೆ ನಡೆದಳು.