ಬಲಗಾಲಿನ ಸಾಕ್ಷಿ

ನನ್ನದು ಅನುಮಾನದ ಸ್ವಭಾವ. ಅಂಗಡಿಯವನು ನಕ್ಕು ಮಾತಾಡಿದರೆ ತೊಗರಿಬೇಳೆ ಹಳೆಯದಿರಬೇಕು ಎನ್ನುವವಳು ನಾನು. ಹುಬ್ಬಳ್ಳಿ ಬಿಟ್ಟು ಮೆಲ್ಬರ್ನಿನ ವೆರಿಬೀಗೆ ಬಂದು ಇಷ್ಟು ವರ್ಷವಾದರೂ ಆ ಬುದ್ಧಿ ಹೋಗಿಲ್ಲ. "ನಿನ್ನ ಕಣ್ಣಾಗ ಎಲ್ಲಾರೂ ಕಳ್ಳರ," ಎನ್ನುತ್ತಾರೆ ನನ್ನ ಯಜಮಾನರು. ಎಲ್ಲರೂ ಅಲ್ಲ. ಶುಗರ್ ಇಟ್ಟುಕೊಂಡು ಪೇಡೆ ಡಬ್ಬಿಯ ಸುತ್ತ ಸುಳಿದಾಡುವ ಗಂಡಸು ಮಾತ್ರ.

ಆ ಸಲ ನನ್ನ ಮೈದುನ ಸಿಡ್ನಿಯ ಲಿವರ್‌ಪೂಲ್ ಕಡೆ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಕಾರಿನಲ್ಲೇ ಹೊರಟೆವು. ನನಗೆ ಕಾರು ಓಡಿಸಲು ಬರುವುದಿಲ್ಲ, ದಾರಿಯುದ್ದಕ್ಕೂ ಅವರೇ ಓಡಿಸಬೇಕು. ಬ್ರೇಕ್ ಒತ್ತುವ ಮೊದಲು ಪ್ರತಿಸಲವೂ ಒಮ್ಮೆ ಬಗ್ಗಿ ಕಾಲಿನ ಕಡೆ ನೋಡುತ್ತಿದ್ದರು.

"ಏನ್ ನೋಡ್ತೀರಿ ಕೆಳಗ? ರಸ್ತಾ ಮುಂದದ."

"ಬೂಟು ಬಿಗಿ ಆಗೇದ, ಸುಮ್ನ ಕೂಡು."

ಸವೆದು ಸಡಿಲಾದ ಬೂಟು ಅದು. ಬಿಗಿಯಾಗುವುದು ಎಲ್ಲಿಂದ ಬಂತು? ಅಲ್ಲಿಂದಲೇ ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಗೃಹಪ್ರವೇಶದ ದಿನ ಎಲ್ಲರೂ ಬರಿಗಾಲಲ್ಲಿದ್ದೆವು. ಹಿತ್ತಲಲ್ಲಿ ಬಡಗಿಗಳು ಬಿಟ್ಟುಹೋದ ಚೂರುಪಾರು ಇನ್ನೂ ಬಿದ್ದಿತ್ತು. ಪೂಜೆ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಬಿಳಿ ಟೈಲ್ಸ್ ಮೇಲೆ ಕೆಂಪು ಹೆಜ್ಜೆಗಳು ಕಂಡವು. ಬಾಗಿಲಲ್ಲಿ ಅರಿಶಿನ, ಸುಣ್ಣ ಕಲಸಿದ ಆರತಿ ನೀರು ಚೆಲ್ಲಿದ್ದರು. ಯಾರೋ ಅದನ್ನು ತುಳಿದಿದ್ದಾರೆ ಅಂದುಕೊಂಡರು ಹೆಂಗಸರು. "ಲಕ್ಷ್ಮಿ ಹೆಜ್ಜಿ ಮೂಡಿದಂಗ ಅದ ನೋಡ್ರಿ," ಎಂದು ಒಬ್ಬಾಕೆ ಕೈ ಬೇರೆ ಮುಗಿದರು. ನಾನು ನೋಡಿದೆ. ಎಲ್ಲವೂ ಬಲಗಾಲಿನವೇ. ಲಕ್ಷ್ಮಿ ಎಂದಾದರೂ ಕುಂಟುತ್ತಾ ಬರುತ್ತಾಳೆಯೇ?

ಹೆಜ್ಜೆ ಹಿಡಿದು ಹೋದೆ. ಸೋಫಾದಲ್ಲಿ ನಮ್ಮವರು ಕಾಲ ಮೇಲೆ ಕಾಲು ಹಾಕಿ, ಮಾರ್ಟ್‌ಗೇಜ್ ಬಗ್ಗೆ ಯಾರಿಗೋ ಬುದ್ಧಿ ಹೇಳುತ್ತಾ ಚಹಾ ಕುಡಿಯುತ್ತಿದ್ದರು. ಬಲ ಅಂಗಾಲಿನಲ್ಲಿ ಒಂದು ಸ್ಕ್ರೂ ತಲೆಯವರೆಗೂ ಹೊಕ್ಕಿತ್ತು.

"ಅಯ್ಯ ಶಿವನ!" ಎಂದು ಚೀರಿದೆ. ಅವರು ಬಗ್ಗಿ ನೋಡಿಕೊಂಡರು, ಪಕ್ಕದ ಮನೆಯವರ ಕಾಲು ನೋಡಿದ ಹಾಗೆ. ಆಮೇಲೆ ಥಟ್ಟನೆ, "ಚುಚ್ಚಿದ್ದು ಗೊತ್ತಾಗಿತ್ತು. ಶುಭ ಕಾರ್ಯದಾಗ ಗದ್ಲ ಯಾಕಂತ ತಡಕೊಂಡೆ," ಅಂದರು.

ಮೈದುನನ ಕಣ್ಣಲ್ಲಿ ನೀರು ಬಂತು. "ನನ್ನ ಮನೀ ಸಲುವಾಗಿ ಅಣ್ಣ ತಡಕೊಂಡಾನ, ವೈನಿ!"

ತಡಕೊಂಡರಂತೆ! ಸೊಳ್ಳೆ ಕಚ್ಚಿದರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುವ ಮನುಷ್ಯ.

ಸ್ಕ್ರೂ ತೆಗೆಸಿದರೂ ಕಾಲು ಬಾತು ಕೀವಾಯಿತು. ಸಿಡ್ನಿಯಲ್ಲೇ ಆಸ್ಪತ್ರೆ ಸೇರಿಸಿದೆವು. ಕುಯ್ದು ತೊಳೆಯಬೇಕು ಎಂದರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, ಪೂರ್ತಿ ಮಲಗಿಸುವುದಿಲ್ಲ, ಮೊಣಕಾಲಿನ ಹಿಂದೆ ನರದ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಕಾಲನ್ನಷ್ಟೇ ಮರಗಟ್ಟಿಸುತ್ತೇನೆ ಎಂದಳು. ಔಷಧಿ ಉಳಿಸುವ ಲೆಕ್ಕಾಚಾರವೇ ಇದು ಎಂದು ನನಗೆ ಗುಮಾನಿ. ಯಾಕೆ ಹಾಗೆ ಎಂದು ಕೇಳಿಯೇಬಿಟ್ಟೆ. ಆಕೆ ಸಿಟ್ಟಾಗದೆ ಕುರ್ಚಿ ಎಳೆದುಕೊಂಡು ಕುಳಿತಳು.

ಇವರ ಶುಗರಿಗೂ ಎದೆಗೂ ಇದೇ ಹಗುರ ಎಂದಳು. ಆದರೆ ಶುಗರ್ ಇದ್ದವರ ನರ ಮೊದಲೇ ಸೊರಗಿರಬಹುದು, ಹಾಗಿದ್ದರೆ ಮದ್ದು ಇಳಿಯುವುದು ತಡವಾಗುತ್ತದೆ, ಅಪರೂಪಕ್ಕೆ ನರಕ್ಕೆ ಪೆಟ್ಟೂ ಆಗಬಹುದು ಎಂದು ವಿವರಿಸಿದಳು. "ನಾಳೆ ಸ್ಪರ್ಶ ತಿರುಗಿ ಬರದಿದ್ದರೆ, ಇವತ್ತು ಎಷ್ಟಿತ್ತು ಅನ್ನುವುದು ನನಗೆ ಗೊತ್ತಿರಬೇಕು. ಪಾದ ಜೋಮು ಹಿಡಿಯುತ್ತದೆಯೇ? ಉರಿ ಇದೆಯೇ?"

"ನೋ, ನೋ. ಪರ್ಫೆಕ್ಟ್," ಅಂದರು ನಮ್ಮವರು.

"ಸುಳ್ಳು," ಅಂದೆ ನಾನು. "ಮನೆಯಲ್ಲಿ ಚಪ್ಪಲಿ ಅಡುಗೆಮನೆಯಲ್ಲಿ ಕಳಚಿ ಬಿದ್ದಿರುತ್ತದೆ, ಇವರು ಹಾಲ್‌ನಲ್ಲಿರುತ್ತಾರೆ. ಕೇಳಿದರೆ ಗೊತ್ತೇ ಇರುವುದಿಲ್ಲ."

ಅವರು ಡಾಕ್ಟರಿಗೆ ಹಲ್ಲು ಕಿರಿದು, ನನಗೆ ಕನ್ನಡದಲ್ಲಿ ಕಚ್ಚಿದರು: "ಬಾಯಿ ಮುಚ್ಚು. ಆಕಿ ಬರಕೊಂಡ್ಳಂದ್ರ ನನ್ನ ಲೈಸೆನ್ಸಿಗೆ ಎಳ್ಳು ನೀರ."

ಆಗ ಅರ್ಥವಾಯಿತು. ಅವರ ಕೆಲಸ ಡ್ಯಾಂಡಿನಾಂಗ್‌ನ ಗೋದಾಮಿನಲ್ಲಿ, ವೆರಿಬೀಯಿಂದ ಊರಿನ ಆ ತುದಿಗೆ. ಕಾರಿಲ್ಲದಿದ್ದರೆ ಬೆಳಗಿನ ಶಿಫ್ಟ್ ಹಿಡಿಯುವ ಮಾತೇ ಇಲ್ಲ. ಅದು ನನಗೂ ಗೊತ್ತು. ಆದರೆ ಬ್ರೇಕ್ ಎಲ್ಲಿದೆ ಎಂದು ಕಣ್ಣಿನಿಂದ ಹುಡುಕುವವರ ಪಕ್ಕದಲ್ಲಿ ಕೂತು ಬಂದವಳೂ ನಾನೇ.

ಡಾಕ್ಟರಮ್ಮ ಕಣ್ಣು ಮುಚ್ಚಿ, ತಣ್ಣಗಾದಾಗ ಹೇಳಿ ಎಂದು ಪಾದದ ಮೇಲೆ ಅಲ್ಲಲ್ಲಿ ಮಂಜುಗಡ್ಡೆ ಇಟ್ಟಳು. ಆಕೆ ಪಾದ ನೋಡುತ್ತಿದ್ದಳು, ನಾನು ಮುಖ ನೋಡುತ್ತಿದ್ದೆ. ರೆಪ್ಪೆ ಸಣ್ಣಗೆ ತೆರೆದೇ ಇತ್ತು. ಕಾಪಿ ಹೊಡೆದು ಫಸ್ಟ್ ಕ್ಲಾಸ್ ತಗೊಂಡರು! ಕದ್ದು ನೋಡುತ್ತಿದ್ದಾರೆ ಎಂದರೆ, "ಶಿ ಡೌಟ್ಸ್ ಎವ್ರಿಬಡಿ," ಎಂದು ನಕ್ಕರು. ಆಕೆ ನಗಲಿಲ್ಲ. ಇಬ್ಬರು ಹೇಳಿದ್ದನ್ನೂ ಬರೆದುಕೊಂಡು ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಸಂಜೆಗೆ ಬೆರಳು ಆಡಿಸಿದರು. ಮದ್ದು ಇಳಿಯಿತು ಎಂದು ಮನೆಗೆ ಕಳಿಸಿದರು. ಮೈದುನನ ಮನೆಯಲ್ಲಿ ಎರಡು ದಿನ ಇದ್ದೆವು. ಅವನು ಕುರ್ಚಿ ಎಳೆದು ಕುಳಿತಾಗ ಕುರ್ಚಿಯ ಕಾಲು ಅಣ್ಣನ ಬಲಗಾಲಿನ ಕಿರುಬೆರಳ ಮೇಲೆ ನಿಂತಿತು. ಅಣ್ಣ ಮಾತು ನಿಲ್ಲಿಸಲಿಲ್ಲ. ತಮ್ಮ ಗಾಬರಿಯಾಗಿ ಎದ್ದ.

"ಆ ಇಂಜೆಕ್ಷನ್ ಇನ್ನಾ ಇಳದಿಲ್ಲ ಅನಸ್ತದ," ಅಂದರು ನಮ್ಮವರು, ಕಣ್ಣು ಮಿಟುಕಿಸದೆ.

ಮುಗಿಯಿತು. ನಮ್ಮನ್ನು ನಮ್ಮ ಕಾರಿನಲ್ಲೇ ವೆರಿಬೀಗೆ ಬಿಟ್ಟು, ವಿಮಾನದಲ್ಲಿ ಹಿಂತಿರುಗಿದ ಮೈದುನ ದಿನಾ ಫೋನ್ ಹಚ್ಚತೊಡಗಿದ. "ವೈನಿ, ಆ ಡಾಕ್ಟರು ಅಣ್ಣನ ನರ ಕೆಡಿಸ್ಯಾಳ. ಬಿಡಬಾರದು, ಕಂಪ್ಲೇಂಟ್ ಕೊಡೂಣು." ಯಾರ ತಪ್ಪು ಯಾರ ತಲೆಗೆ! ಇತ್ತ ನಮ್ಮವರಿಗೆ ಸೋಮವಾರ ಕೆಲಸಕ್ಕೆ ಹೋಗುವ ಅವಸರ. ತಮ್ಮನ ಫೋನು ಬಂದರೆ ಕಾಲು ಜೋಮು, ಕಾರಿನ ಕೀ ನೆನಪಾದರೆ ಕಾಲು ಪರ್ಫೆಕ್ಟ್. ನಾನು ಕೀಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.

ಆ ಕಂಪ್ಲೇಂಟು ಕಡೆಗೂ ಹೋಗಲಿಲ್ಲ. ಕೀ ಇವತ್ತಿಗೂ ಅದೇ ಡಬ್ಬಿಯಲ್ಲಿದೆ. ಅದಕ್ಕೆ ಕಾರಣ ಆ ಭಾನುವಾರದ ಬೆಳಗು.

ರೊಟ್ಟಿ ಬಡಿಯಲು ಹಿಟ್ಟು ನಾದುತ್ತಿದ್ದೆ. ಅವರು ಬಲಗಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕುಳಿತಿದ್ದರು. "ಕೀ ಎಲ್ಲಿಟ್ಟೀ? ನಾಳೆ ಡ್ಯೂಟಿ ಅದ," ಅಂದರು.

"ಕೊಡ್ತೀನಿ. ಮೊದಲ ಕಣ್ ಮುಚ್ಚರಿ. ನಾ ಬೆರಳ ಮುಟ್ತೀನಿ, ಯಾವುದಂತ ಹೇಳ್ರಿ. ಹೇಳಿದ್ರ ಕೀ ನಾನ ತಂದು ಕೈಯಾಗ ಇಡ್ತೀನಿ."

"ಹಚ್ಚು ನಿನ್ನ ಪರೀಕ್ಷಾ," ಎಂದು ನಕ್ಕರು. ಆ ಕಳ್ಳಗಣ್ಣಿನ ಮೇಲೆ ನನಗೆ ಭರವಸೆ ಇರಲಿಲ್ಲ, ಮುಖದ ಮೇಲೆ ಟವೆಲ್ ಹಾಕಿದೆ. ಕಾಲಿನ ಹತ್ತಿರ ಮಣೆ ಎಳೆದು ಕುಳಿತೆ. ಮುಟ್ಟಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈ ನನ್ನ ಮಡಿಲಲ್ಲೇ ಇದ್ದವು.

"ಹೂಂ. ಹೆಬ್ಬೆರಳು," ಅಂದರು.

ನಾನು ಕೈ ಎತ್ತಲೇ ಇಲ್ಲ.

"ಈಗ ಕಿರುಬೆರಳು. ಹೌದಲ್ಲೋ?"

ಸಿಕ್ಕಿಬಿದ್ರಿ ಎಂದು ಕೂಗಬೇಕಿತ್ತು. ಇಷ್ಟು ವರ್ಷ ಅದಕ್ಕಾಗಿಯೇ ಹೊಂಚು ಹಾಕಿದವಳು ನಾನು. ಸಿಟ್ಟೂ ಬಂತು. ಆದರೆ ಟವೆಲ್ ಕೆಳಗಿನ ಆ ದನಿಯಲ್ಲಿ ಎಂಥ ಧೈರ್ಯ! ಆ ಧೈರ್ಯಕ್ಕೇ ನನಗೆ ಹೆದರಿಕೆಯಾಯಿತು. ಕೂಗಲು ಆಗಲಿಲ್ಲ, ಅಳು ಬಂತು. ಆ ಪಾದವನ್ನು ಮಡಿಲಿಗೆ ಎಳೆದುಕೊಳ್ಳದೆ, ಇದ್ದಲ್ಲೇ ಎರಡೂ ಕೈಯಿಂದ ಸುತ್ತಿ ಬಿಗಿಯಾಗಿ ಹಿಡಿದೆ. ಬೆರಳಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟಾಯಿತು. ಇನ್ನೂ ಗಟ್ಟಿಯಾಗಿ ಒತ್ತಿದೆ.

ಟವೆಲ್ ಕೆಳಗಿನ ಮುಖ ನನ್ನ ಕಡೆ ತಿರುಗಿತು.

"ಯಾಕ, ಸುಮ್ನಾದಿ?" ಅಂದರು. "ಮುಟ್ಟು, ನಾ ಹೇಳ್ತೀನಿ."