ಜಾಕಿಯ ಕೆಳಗಿನ ಹಾಳೆ

ಚಾಮರಾಜಪೇಟೆಯ ನಮ್ಮ ಹೈಡ್ರಾಲಿಕ್ ಕಂಪನಿಯ ಫೋರ್‌ಮನ್ ನಿಂತಲ್ಲಿ ನಿಂತವರಲ್ಲ. ಲಾರಿ ಎತ್ತುವ ಜಾಕಿಗಳನ್ನು ಮಾಡುತ್ತಿದ್ದೆವು. ಒಂದು ಜಾಕಿ ತಯಾರಾದರೆ ಅವರು ಅದನ್ನು ಸ್ಟ್ಯಾಂಡಿಗೇರಿಸಿ, ಭಾರ ಹೇರಿ, ಕೆಳಗೊಂದು ಬಿಳಿ ಹಾಳೆ ಹಾಸಿ, ಇಡೀ ದಿನ ಅದರ ಸುತ್ತಲೇ ಸುಳಿಯುತ್ತಿದ್ದರು. ಬಗ್ಗಿ ನೋಡುವುದು, ಏಳುವುದು, ಎರಡು ಹೆಜ್ಜೆ ಹೋಗಿ ಮತ್ತೆ ಬರುವುದು. ಒಂದು ತೊಟ್ಟು ಎಣ್ಣೆ ಸೋರಿದರೂ ಮಾಲು ಗೇಟು ದಾಟುತ್ತಿರಲಿಲ್ಲ. ಯಾರು ಅವಸರ ಮಾಡಿದರೂ ಒಂದೇ ಮಾತು: “ಇರಿ, ಹಾಳೆ ಏನ್ ಹೇಳತ್ತೆ ನೋಡೋಣ.”

ಕಂಪನಿಯ ತಿಂಗಳ ಸುದ್ದಿಪತ್ರ ಬರೆಯುವ ಗುಮಾಸ್ತ ನಾನು. ಒಮ್ಮೆ, ಹೊಸ ಮಾದರಿಯ ಮೊದಲ ಜಾಕಿ ಹುಬ್ಬಳ್ಳಿಗೆ ಹೊರಟಿತೆಂದು, ಅದು ಹೊರಡುವ ಮೊದಲೇ, ತಾರೀಖು ಸಮೇತ ಅಚ್ಚು ಹಾಕಿಸಿಬಿಟ್ಟೆ. ಲಾರಿ ಬಂದು ನಿಂತಿತ್ತು. ಮಾಲೀಕರು ಹಾರ ತರಿಸಿದ್ದರು. ಫೋರ್‌ಮನ್ ನನ್ನ ಕೈಯಿಂದ ಒಂದು ಪ್ರತಿ ಕಿತ್ತುಕೊಂಡು ಜಾಕಿಯ ಕೆಳಗೆ ಹಾಸಿದರು. ಅರ್ಧ ಗಂಟೆಗೆ ನನ್ನ ಸುದ್ದಿಯ ಮೇಲೇ ತೊಟ್ಟು ಬಿತ್ತು.

“ರೈಟ್ರೇ, ತಾರೀಖಿನ ಜಾಗ ಖಾಲಿ ಬಿಡೋದು ಕಲೀರಿ,” ಎಂದವರೇ ಸ್ಪ್ಯಾನರ್ ಎತ್ತಿಕೊಂಡರು. ಲಾರಿ ಬರಿದೇ ಹೋಯಿತು.

ಆಮೇಲೆ ನಾನು ಬರೆದ ಸುದ್ದಿಗೆಲ್ಲ ತಾರೀಖು ತುಂಬುತ್ತಿದ್ದವರು ಅವರೇ, ಎಣ್ಣೆಗೈಯಲ್ಲೇ.

ಎಷ್ಟೋ ವರ್ಷದ ಮೇಲೆ ಅವರ ನಿವೃತ್ತಿಯ ಸುದ್ದಿಯನ್ನೂ ನಾನೇ ಬರೆಯಬೇಕಾಯಿತು. ತಾರೀಖಿನ ಜಾಗ ಖಾಲಿ ಬಿಟ್ಟು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಪೆನ್ನು ಚಾಚಿದೆ, ತೆಗೆದುಕೊಳ್ಳಲಿಲ್ಲ. ಸ್ಟ್ಯಾಂಡಿನ ಮೇಲೆ ಭಾರ ಹೊತ್ತಿದ್ದ ಜಾಕಿಯ ಕೆಳಗೆ ಆ ಹಾಳೆಯನ್ನು ಹಾಸಿ, ಮೊದಲ ಸಲ ಅಲ್ಲಾಡದೆ ಕೂತರು.

“ಇರಿ,” ಎಂದರು, “ಹಾಳೆ ಏನ್ ಹೇಳತ್ತೆ ನೋಡೋಣ.”