ಕಪ್ಪಾದ ಮೂರು ಬೆರಳು

ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಯಾರಾದರೂ ಗಾಳಿ ಸೋಕಿತು, ದೃಷ್ಟಿ ಬಿತ್ತು ಎಂದರೆ ಅವರೆದುರೇ ನಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಮೂರು ವರ್ಷದ ಹಿಂದಿನ ಮಾತು. ಐರ್ಲೆಂಡಿನ ಅತ್ಲೋನ್‌ನಲ್ಲಿ, ಗೋಡಂಬಿ, ದ್ರಾಕ್ಷಿ ತರಿಸಿ ಪ್ಯಾಕ್ ಮಾಡಿ ಮಾರುವ ಕಂಪನಿಯೊಂದಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಯಾವ ದೇಶದಿಂದ ಮಾಲು ತರಿಸಬಹುದು ಎಂದು ಪರಿಶೀಲಿಸಿ ವರದಿ ಬರೆಯುವುದು ನನ್ನ ಕೆಲಸ. ಆ ಚಳಿಗಾಲದಲ್ಲಿ ನನ್ನ ಪಾಲಿಗೆ ಬಂದದ್ದು ಪಶ್ಚಿಮ ಆಫ್ರಿಕದ ಒಂದು ಬಡ ದೇಶ. ಹೆಸರು ಬೇಡ. ಬಂದರು, ರಸ್ತೆ, ಕರೆಂಟು, ಕೆಲಸಗಾರರ ಸುರಕ್ಷತೆ, ಹೀಗೆ ಒಂದೊಂದಕ್ಕೂ ಅಂಕ ಹಾಕಬೇಕು. ಎಲ್ಲವೂ ಬಾಡಿಗೆ ಕೋಣೆಯಲ್ಲಿ ಕೂತು, ಲ್ಯಾಪ್‌ಟಾಪಿನಲ್ಲೇ. ಮನೆಯಲ್ಲಿದ್ದ ಇನ್ನಿಬ್ಬರು ಕ್ರಿಸ್‌ಮಸ್‌ಗೆ ಹೋದವರು ಮರಳಿರಲಿಲ್ಲ. ಎರಡೆರಡು ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅಂಗಡಿಯಲ್ಲಿ ಹಾಲು ಕೊಂಡು 'ಥ್ಯಾಂಕ್ಸ್' ಎನ್ನುವ ಮೊದಲು ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಸುರಕ್ಷತೆಯ ಕಾಲಮ್ಮಿಗೆ ಬಂದೆ. ಅಲ್ಲಿನ ಗೇರುಬೀಜ ಒಡೆಯುವ ಘಟಕದವರು ಕಳಿಸಿದ ಫೋಟೋಗಳಲ್ಲಿ ಹೆಂಗಸರೆಲ್ಲ ಗ್ಲೌಸ್ ಹಾಕಿಕೊಂಡಿದ್ದರು. ಪೂರ್ತಿ ಅಂಕ ಹಾಕಿದೆ. ಆಗ ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಉರಿಯತೊಡಗಿದವು. ಚಳಿಗಿರಬಹುದೆಂದು ತಿಕ್ಕಿಕೊಂಡೆ. ಉರಿ ಹೆಚ್ಚಿತು. ನಾಲ್ಕು ಗಂಟೆಗೆ ಕತ್ತಲಾಯಿತೆಂದು ದೀಪ ಹಾಕಿ ನೋಡಿದರೆ ಮೂರೂ ಬೆರಳು ಮಸಿ ಹಚ್ಚಿದಂತೆ ಕಪ್ಪಾಗಿದ್ದವು. ಸೋಪಿಗೂ ಹೋಗಲಿಲ್ಲ. ಮನೆಯಲ್ಲಿ ಒಂದು ಗೇರುಬೀಜವೂ ಇರಲಿಲ್ಲ. ಸ್ಯಾಂಪಲ್ ಇನ್ನೂ ಬಂದೇ ಇರಲಿಲ್ಲ.

ಹೆದರಿ ಅಮ್ಮನಿಗೆ ವೀಡಿಯೋ ಕಾಲ್ ಮಾಡಿದೆ. ಅಮ್ಮ ಇಪ್ಪತ್ತು ವರ್ಷ ಕಾರ್ಕಳದ ಕಾರ್ಖಾನೆಯೊಂದರಲ್ಲಿ ಗೇರುಬೀಜ ಒಡೆದವಳು.

"ಎಂತ ಅದು ಕೈಗೆ?"

"ಇಂಕು ಇರ್ಬೇಕು ಅಮ್ಮ."

"ಇಂಕೂ ಅಲ್ಲ ಎಂತದೂ ಅಲ್ಲ, ಅದು ಸೋನೆ. ನನಗೆ ಗೊತ್ತಾಗುದಿಲ್ವಾ? ನೀರು ಮುಟ್ಟಿಸ್ಬೇಡ, ತೆಂಗಿನೆಣ್ಣೆ ಹಚ್ಚು. ಅಲ್ಲ, ಅಲ್ಲಿ ನಿನಗೆ ಬೀಜ ಎಲ್ಲಿ ಸಿಕ್ಕಿದ್ದು?"

ಬೀಜದ ಸಿಪ್ಪೆಯಿಂದ ಒಸರಿ ಚರ್ಮ ಸುಡುವ ಎಣ್ಣೆಯೇ ಸೋನೆ. ಎಣ್ಣೆ ಹುಡುಕುತ್ತೇನೆಂದು ಫೋನ್ ಇಟ್ಟೆ.

ಮರುದಿನ, ಏನು ಹೊಳೆಯಿತೋ, ಆ ಘಟಕದ ಮೇಲ್ವಿಚಾರಕಿ ಅಮಿನಾತಾಗೆ ವೀಡಿಯೋ ಕಾಲ್ ಮಾಡಿ, ಈಗಲೇ ಶೆಡ್ ತೋರಿಸಿ ಎಂದೆ. ಆಕೆ ತಡವರಿಸಿದರು. ಆಮೇಲೆ ಮೆಲ್ಲಗೆ ಫೋನ್ ತಿರುಗಿಸಿದರು. ಸಾಲಾಗಿ ಕೂತ ಹೆಂಗಸರೆಲ್ಲರ ಕೈ ಬರಿದು. ಹೆಬ್ಬೆರಳು, ಪಕ್ಕದ ಎರಡು ಬೆರಳು ಕಪ್ಪು.

"ಇರೋದು ಆರು ಜೊತೆ ಗ್ಲೌಸ್. ಫೋಟೋಗೆ ಸರದಿ ಪ್ರಕಾರ ಹಾಕ್ಕೊಂಡ್ವಿ," ಎಂದರು ಅಮಿನಾತಾ, ತಮ್ಮ ತಡೆತಡೆದ ಇಂಗ್ಲಿಷಿನಲ್ಲಿ. "ತಂಗಿ, ಇದನ್ನ ಬರೀಬೇಡ. ಈ ಊರಲ್ಲಿ ಬೇರೆ ಕೆಲಸ ಇಲ್ಲ."

ನನ್ನ ಕೈಯನ್ನು ಆಕೆಗೆ ತೋರಿಸಬೇಕೆನಿಸಿತು. ತೋರಿಸಲಿಲ್ಲ. ಎರಡು ದಿನ ಒದ್ದಾಡಿ, ಕಂಡದ್ದನ್ನು ಬರೆದೆ. ಕಂಪನಿಯೇ ಗ್ಲೌಸ್ ಒದಗಿಸಿ ಒಂದು ವರ್ಷ ನೋಡಬಹುದು ಎಂದೂ ಸೇರಿಸಿದೆ. ಬಾಸ್ ಮೊದಲರ್ಧ ಓದಿ, "ಗ್ರ್ಯಾಂಡ್, ಒಳ್ಳೇ ಕೆಲಸ" ಎಂದು ಮೆಚ್ಚಿದರು. ಆ ದೇಶದ ಹೆಸರು ಪಟ್ಟಿಯಿಂದ ಹೋಯಿತು. ತಿಂಗಳು ಕಳೆದು ಫೋನ್ ಮಾಡಿದರೆ ಅಮಿನಾತಾರ ನಂಬರ್ ಚಾಲ್ತಿಯಲ್ಲಿರಲಿಲ್ಲ.

ಡಾಕ್ಟರು ಯಾವುದೋ ರಾಸಾಯನಿಕದಿಂದ ಸುಟ್ಟಿದೆ ಎಂದು ಮುಲಾಮು ಕೊಟ್ಟರು. ಏನು ಮುಟ್ಟಿದಿರಿ ಎಂದದ್ದಕ್ಕೆ ಕೀಬೋರ್ಡ್ ಎಂದೆ. ಮೂರು ವಾರದಲ್ಲಿ ಕರಿ ಚರ್ಮ ಸುಲಿದು ಹೊಸದು ಬಂತು. ಕೈಯ ವಿಷಯ ಅಮ್ಮನಿಗೆ ಗೊತ್ತು, ವರದಿಯ ವಿಷಯ ಇಂದಿಗೂ ಹೇಳಿಲ್ಲ. ಹೇಳಿದರೆ ಆಕೆ ಆ ಹೆಂಗಸರು ಈಗ ಎಂತ ಮಾಡ್ತಾರೆ ಎಂದು ಕೇಳುತ್ತಾಳೆ.

ಆ ಉರಿ ಎಲ್ಲಿಂದ ಬಂತೆಂದು ನನಗೆ ತಿಳಿಯದು. ಅದಕ್ಕಿಂತ ಹೆಚ್ಚಾಗಿ ತಿಳಿಯದ್ದು, ಅದು ನನಗೆ ಬರೆ ಎಂದಿತೋ, ಬರೆಯಬೇಡ ಎಂದಿತೋ ಎಂಬುದು.